ಬೇವಿನ ಮರಕ್ಕೆ ನಿಂಬೆ ಶರಬತ್ತು

ಬೇವಿನ ಮರಕ್ಕೆ ನಿಂಬೆಹಣ್ಣಿನ ಶರಬತ್ತು ಕುಡಿಸಿದವರನ್ನು ನೀವು ನೋಡಿದ್ದೀರಾ? ನಾನು ಅಂಥವರ ಮನೆಯಲ್ಲಿದ್ದುಕೊಂಡೇ ಕಾಲೇಜು ಓದಿದವಳು. ಬಳ್ಳಾರಿಯ ಬಿಸಿಲಲ್ಲಿ ನಡೆದು ಬಂದ ನನಗೆ ಗಡಿಗೆಯ ನೀರು, ಅಂಗಳದಲ್ಲಿ ಆರಾಮಾಗಿ ನಿಂತ ಮರಕ್ಕೆ ಶರಬತ್ತು! ಅದಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ ಎನ್ನುವುದೊಂದೇ ನನ್ನ ಸಮಾಧಾನ.

ಆ ಮಹಾನುಭಾವರು ನನ್ನ ಸೋದರಮಾವ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆಯ ಮಾತಿದು. ಅವರ ಮನೆ ಅದಿರಿನ ಲಾರಿಗಳು ಓಡಾಡುವ ರಸ್ತೆಗೇ ಅಂಟಿಕೊಂಡಿತ್ತು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಯೊಳಗೆ ಕಾವಿಯಾಗಿ, ಮಾವ ದಿನಾಲೂ ಸನ್ಯಾಸ ಸ್ವೀಕರಿಸುತ್ತಿದ್ದರು. ನಗುವ ಮಾತಲ್ಲದ್ದು ಅತ್ತೆಯ ದಮ್ಮು. ಹೊಗೆ, ಧೂಳು ಹೆಚ್ಚಾದ ದಿನ ಅತ್ತೆ ಕಿಟಕಿಯ ಪಕ್ಕದ ಗೋಡೆಗೊರಗಿ ಉಸಿರಿಗಾಗಿ ಒದ್ದಾಡುತ್ತಿದ್ದರು.

"ಇವ್ರನ್ನ ಕುರುಗೋಡಿಗೆ ತವರುಮನಿಗೆ ಕಳಸ್ರಿ, ಅಲ್ಲಿ ಗಾಳಿ ಛಲೋ ಐತಿ" ಎಂದು ಡಾಕ್ಟರು ಹೇಳಿದ್ದರು. ಅತ್ತೆ ಒಪ್ಪಬೇಕಲ್ಲ. "ನಾ ಹೋದ್ರ ಈ ಮನುಷ್ಯಾ ಸಾರಿಗೆ ಉಪ್ಪಂತ ವಾಷಿಂಗ್ ಸೋಡಾ ಹಾಕ್ಕೊಂಡು ಉಣ್ತಾರ" ಎಂದರು. ಮಾವನೂ ಜೊತೆಗೆ ಹೋಗಬಹುದಿತ್ತು, ಆದರೆ ಕುರುಗೋಡಿನ ಶಾಲೆಯಲ್ಲಿ ಲ್ಯಾಬ್ ಇರಲಿಲ್ಲ. ಲ್ಯಾಬ್ ಇಲ್ಲದ ಊರಿಗೆ ಬಂದ ವರ್ಗವನ್ನು ಅವರು ಹಿಂದೊಮ್ಮೆ ಕಾಡಿ ಬೇಡಿ ತಪ್ಪಿಸಿಕೊಂಡಿದ್ದರು.

ರಸ್ತೆಗೂ ಅತ್ತೆಯ ಕಿಟಕಿಗೂ ನಡುವೆ ಇದ್ದದ್ದು ಆ ಬೇವಿನ ಮರ ಒಂದೇ. ಮರಗಳು ಎಲೆಯೊಳಗೆ ವಿಟಮಿನ್ ಸಿ ಕೂಡಿಟ್ಟುಕೊಂಡು ಹೊಗೆಯ ವಿಷದ ಜೊತೆ ಗುದ್ದಾಡುತ್ತವೆ, ಹೊಗೆ ಮಿತಿಮೀರಿದರೆ ಆ ದಾಸ್ತಾನು ಕರಗಿ ಎಲೆ ಸೋಲುತ್ತದೆ ಎಂದು ಮಾವ ಎಲ್ಲೋ ಓದಿಕೊಂಡು ಬಂದರು. ಅವತ್ತೇ ತೀರ್ಪು ಕೊಟ್ಟರು: "ಗಿಡ ತಡಕೊಂಡ್ರ ನೀ ಇಲ್ಲೇ ಇರು. ಗಿಡ ಸೋತ್ರ ಕುರುಗೋಡು." ಹೆಂಡತಿಯ ಉಸಿರಿನ ಪಂಚಾಯಿತಿಗೆ ಬೇವಿನ ಮರವನ್ನು ಹಿರಿಯನನ್ನಾಗಿ ಕೂಡಿಸಿದ ಗಂಡಸು ಇವರೊಬ್ಬರೇ ಇರಬೇಕು.

ಭಾನುವಾರ ಬಂತೆಂದರೆ ಪರೀಕ್ಷೆ. ಅನ್ನದ ಗಂಜಿಗೆ ಗಾಯಕ್ಕೆ ಹಚ್ಚುವ ಟಿಂಚರು ಬಿಟ್ಟರೆ ಅದು ಕಡುನೀಲಿಯಾಗುತ್ತದೆ. ಅದಕ್ಕೆ ಬೇವಿನೆಲೆಯ ರಸವನ್ನು ಹನಿಹನಿಯಾಗಿ ಹಾಕಬೇಕು. ನೀಲಿ ಬೇಗ ಮಾಯವಾದರೆ ಎಲೆಯಲ್ಲಿ ವಿಟಮಿನ್ ಸಿ ಇನ್ನೂ ಇದೆ ಎಂದರ್ಥ. ಎಲೆ ಅರೆಯುವುದೆಲ್ಲಿ? ಅತ್ತೆಯ ಒಳಕಲ್ಲಿನಲ್ಲಿ! ಒಂದು ಭಾನುವಾರ ಕೊಳಗಲ್ಲಿನಿಂದ ಬಂದ ನೆಂಟರು ಚಟ್ನಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಯುಗಾದಿ ಇನ್ನೂ ದೂರ ಐತಲ್ರಿ. ಬೇವು ತಿನಸೀರಿ, ಬೆಲ್ಲನಾದ್ರೂ ಕೊಡ್ರಿ" ಎಂದರು.

ಹೋಲಿಸಿ ನೋಡಲು ಹೊಗೆ ಕಾಣದ ಊರಿನ ಎಲೆಯೂ ಬೇಕಾಯಿತು. ಮಾವ ಸಿರುಗುಪ್ಪದಾಚೆಯ ಕರೂರಿಗೆ ಹೋಗಿ, ಗದ್ದೆಯ ಬದುವಿನ ಮೇಲಿನ ಬೇವಿನ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಬೇವಿನ ಸೊಪ್ಪು ಕಂಡದ್ದೇ ತಡ, ಪಕ್ಕದವರೆಲ್ಲ ಎದ್ದು ಹಿಂದೆ ಹೋದರು. ಕಂಡಕ್ಟರ್ ದೂರದಿಂದಲೇ ಕೇಳಿದ, "ಮನ್ಯಾಗ ಯಾರಿಗಾದ್ರೂ ಅಮ್ಮ ಬಂದಾಳೇನ್ರಿ?"

"ಅಮ್ಮ ಅಲ್ಲಪ್ಪ, ಗಿಡಕ್ಕ ದಮ್ಮು" ಎಂದರು ಮಾವ. ಬಳ್ಳಾರಿಯವರೆಗೆ ಮೂರು ಜನರ ಸೀಟಿನಲ್ಲಿ ಒಬ್ಬರೇ ಕಾಲು ಚಾಚಿಕೊಂಡು ಬಂದರು.

ಕರೂರಿನ ರಸಕ್ಕೆ ನೀಲಿ ಚಕ್ಕನೆ ಹೋಯಿತು. ನಮ್ಮ ಮರದ ರಸಕ್ಕೆ ಜಪ್ಪಯ್ಯ ಅಂದರೂ ಹೋಗಲಿಲ್ಲ. ಮಾವ ಸಪ್ಪಗಾದರು, ಅತ್ತೆ ಅವರಿಗಿಂತ ಸಪ್ಪಗಾದರು. ಮರಕ್ಕೆ ಕೊನೆಯದೊಂದು ಅವಕಾಶವೆಂದು ಆಗಲೇ ಶರಬತ್ತಿನ ಸೇವೆ ಶುರುವಾದದ್ದು. ನಿಂಬೆಹಣ್ಣಿನಲ್ಲಿ ವಿಟಮಿನ್ ಸಿ ಇದೆ, ಸರಿ. ಬುಡಕ್ಕೆ ಸುರಿದದ್ದು ಎಲೆಗೆ ಹತ್ತುತ್ತದೆಯೇ ಎಂದು ನಾನು ಕೇಳಿಯೂ ಕೇಳಿದೆ.

"ನೀ ಬಾಯಿಲೆ ಉಂಡಿದ್ದು ಜಡಿಗೆ ಹತ್ತಿಲ್ಲೇನವ್ವಾ?" ಎಂದು ನನ್ನ ಉದ್ದ ಜಡೆ ತೋರಿಸಿದರು.

ಮುಂದಿನ ಭಾನುವಾರ ಪವಾಡವೇ ನಡೆಯಿತು. ಎರಡು ಹನಿ ಬಿದ್ದದ್ದೇ ನೀಲಿ ಮಂಗಮಾಯ! ಮಾವ ಓಣಿಗೆಲ್ಲ ಸಾರಿ ಬಂದರು. ಪವಾಡದ ಮೂಲ ಗೊತ್ತಿದ್ದದ್ದು ನನಗೊಬ್ಬಳಿಗೆ. ಮಾವ ಟಿಂಚರು ತರಲು ಒಳಗೆ ಹೋದಾಗ ಅತ್ತೆ ಎಲೆಯ ರಸಕ್ಕೆ ನಿಂಬೆಹೋಳು ಹಿಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

"ಸುಮ್ನಿರವ್ವಾ. ಗಿಡ ಸೋತ್ರ ನನ್ನ ಕಳಿಸಿಬಿಡ್ತಾರ" ಎಂದರು ಅತ್ತೆ ಏದುಸಿರು ಬಿಡುತ್ತ.

ಪವಾಡ ಮತ್ತೊಂದು ಭಾನುವಾರವೂ ನಡೆಯಿತು. ಆದರೆ ಅವತ್ತು ಮಾವ ರಸದ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು. ಒಳಕಲ್ಲು ತೊಳೆಯುತ್ತಿದ್ದ ಅತ್ತೆಯನ್ನು ಒಮ್ಮೆ ನೋಡಿದರು. ಅತ್ತೆಗೆ ಕೆಮ್ಮು ಹತ್ತಿತ್ತು. ಮಾವ ಬಟ್ಟಲನ್ನು ಬಚ್ಚಲಿಗೆ ಚೆಲ್ಲಿದರು.

ಮರುದಿನ ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದರು, "ಕುರುಗೋಡಿಗೆ ವರ್ಗ ಕೇಳಿ ಬಂದೀನಿ. ಇಬ್ರೂ ಹೋಗೂಣು."

"ಯಾಕ್ರಿ? ಗಿಡ ಗೆದ್ದೈತಲ್ಲ?"

"ಗೆದ್ದೈತಿ. ನಿಂಬಿಹಣ್ಣು ಬಿಡೂ ಬೇವಿನ ಗಿಡ ನಮ್ಮ ಜಿಲ್ಲಾದಾಗ ಇದೊಂದೇ."

ಅತ್ತೆ ತಲೆ ತಗ್ಗಿಸಿದರು. "ಅಲ್ಲಿ ಲ್ಯಾಬ್ ಇಲ್ಲಲ್ರಿ" ಎಂದರು.

"ನೀ ಇಲ್ಲದ ಮನ್ಯಾಗ ಲ್ಯಾಬ್ ಇಟ್ಕೊಂಡು ಏನ್ ಮಾಡ್ಲಿ?"

ಇಷ್ಟು ವರ್ಷದಲ್ಲಿ ಮಾವ ಅತ್ತೆಗೆ ಹೇಳಿದ, ವಿಜ್ಞಾನವಿಲ್ಲದ ಮಾತು ಅದೊಂದೇ ಇರಬೇಕು.

ಸಾಮಾನು ಹೇರಿದ ದಿನ ಮಾವ ಏಣಿ ಹಾಕಿ, ಮರದ ಎಲೆಗಳಿಗೆ ನೀರೆರಚಿ ಕೆಂಪು ಧೂಳು ತೊಳೆದರು. ಅವರು ಇಳಿದ ಮೇಲೆ ಅತ್ತೆ ಸೆರಗಿನಿಂದ ಒಂದು ನಿಂಬೆಹಣ್ಣು ತೆಗೆದು, ಹೋಳು ಮಾಡಿ, ಬುಡಕ್ಕೆ ಹಿಂಡಿದರು. ಅದು ಎಲೆಗೆ ಹತ್ತುತ್ತದೆಯೇ ಎಂದು ಈ ಸಲ ನಾನು ಕೇಳಲಿಲ್ಲ.

"ಪಾಪ, ಇಷ್ಟು ದಿನ ನನ್ನ ಪಾಲಿನ ಹೊಗಿನೂ ಅದೇ ಕುಡೀತು" ಎಂದರು ಅತ್ತೆ.