ಮೂಲವ್ಯಾಧಿಗೆ ಹೂ ಕೇಳಿದ್ದು

ದೇವರನ್ನು ಒಂದು ಮಾತು ಕೇಳದೆ ನಾನು ಯಾವ ಕೆಲಸಕ್ಕೂ ಕೈ ಹಾಕುವವಳಲ್ಲ. ಕೊಳವೆಬಾವಿ ಕೊರೆಸುವಾಗಲೂ, ಸೀಮೆಹಸು ಕೊಳ್ಳುವಾಗಲೂ ನಮ್ಮ ಮನೆಯವರು ಹೂ ಕೇಳಿದ್ದೇವೆ. ದೇವರ ಮೈಮೇಲೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಹೀಗಿರುವಾಗ ಮೂಲವ್ಯಾಧಿಗೆ ಯಾವ ಆಪರೇಷನ್ ಎಂದು ಕೇಳುವುದು ಯಾವ ಮಹಾ ಕೆಲಸ!

ಎರಡು ವರ್ಷ ಈ ಬಾಧೆಯನ್ನು ಯಜಮಾನರಿಗೂ ಹೇಳದೆ ಮುಚ್ಚಿಟ್ಟಿದ್ದೆ. ರಕ್ತ ಹೋಗಿ ಹೋಗಿ, ಮುದ್ದೆ ಕಟ್ಟುವಾಗ ಕಣ್ಣು ಕತ್ತಲೆ ಬಂದ ಮೇಲೆ, ಬೆನ್ನುನೋವೆಂದು ಸುಳ್ಳು ಹೇಳಿ ಸೂಲಿಬೆಲೆಯಿಂದ ಹೊಸಕೋಟೆಗೆ ಒಬ್ಬಳೇ ಬಸ್ಸು ಹತ್ತಿದೆ. ಡಾಕ್ಟರಮ್ಮ ಮೂರು ದಾರಿ ಹೇಳಿದರು. ಕೊಯ್ದು ತೆಗೆದರೆ ನೋವು ಜಾಸ್ತಿ, ವಾಸಿಯಾಗಲು ವಾರಗಟ್ಟಲೆ ಬೇಕು, ಆದರೆ ಮತ್ತೆ ಬರುವುದು ಕಡಿಮೆ. ಪಿನ್ನು ಹೊಡೆಯುವ ಸ್ಟೇಪ್ಲರ್‌ನಲ್ಲಿ ಬೇಗ ಎದ್ದು ಓಡಾಡಬಹುದು, ಮತ್ತೆ ಬರುವ ಸಂಭವ ತುಸು ಹೆಚ್ಚು. ಲೇಸರ್‌ಗೂ ನೋವು ಕಡಿಮೆಯೇ, ಎಲ್ಲರಿಗೂ ಹೊಂದುವುದಿಲ್ಲ.

“ನಿಮ್ದು ದೊಡ್ಡದಾಗಿದೆ ಅಮ್ಮ, ಕೊಯ್ಯೋದೇ ಒಳ್ಳೇದು. ಮನೇಲಿ ಮಾತಾಡ್ಕೊಂಡು ಬನ್ನಿ” ಎಂದರು.

ಮನೆಯಲ್ಲಿ ಮಾತಾಡುವುದೇ! ಊರಿನಲ್ಲಿ ಬಸ್ಸಿಳಿದು ನೆಟ್ಟಗೆ ಆಂಜನೇಯನ ಗುಡಿಗೆ ನಡೆದೆ.

ಆಪರೇಷನ್ ಮೂರು, ದೇವರಿಗೆ ಪಕ್ಕ ಎರಡೇ. ಆದ್ದರಿಂದ ಸ್ಟೇಪ್ಲರನ್ನು ನಾನೇ ರದ್ದುಪಡಿಸಿದೆ. ಬಲಕ್ಕೆ ಲೇಸರ್, ಎಡಕ್ಕೆ ಕತ್ತಿ.

“ಏನಮ್ಮ, ಮಗಳ ಮದುವೆ ವಿಚಾರಾನಾ?” ಎಂದರು ಪೂಜಾರಪ್ಪ.

ಗುಡಿಯಲ್ಲಿ ನಿಂತು ಆ ರೋಗದ ಹೆಸರು ಹೇಳುವುದುಂಟೇ? ಹೂಂ ಎಂದು ತಲೆಯಾಡಿಸಿದೆ. ಮನಸ್ಸಿನೊಳಗೂ ನಾಚಿಕೆಯೇ. “ಸ್ವಾಮಿ, ಅದೋ ಇದೋ ನೀನೇ ಹೇಳು” ಎಂದಷ್ಟೇ ಬೇಡಿಕೊಂಡೆ.

ಹೂ ಬಲಕ್ಕೆ ಬಿತ್ತು. ಪೂಜಾರಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದರು: “ಆಗೋಯ್ತು! ಮದುವೆ ಗ್ಯಾರಂಟಿ!”

ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಬಿ.ಕಾಂ. ಓದುವ ಮಗಳು ಊಟ ಬಿಟ್ಟು ಅಳುತ್ತಿದ್ದಳು. ಪಕ್ಕದ ಮನೆಯ ಜಯಮ್ಮ ಬಾಗಿಲಲ್ಲೇ ಹಿಡಿದಳು: “ಏನ್ ಸುಶೀಲಕ್ಕ, ನಮಗೂ ಹೇಳ್ದೆ ಗಂಡು ಗೊತ್ತು ಮಾಡ್ಬಿಟ್ರಾ?”

“ಗಂಡು ಯಾರೇ? ನಂಗೂ ಒಸಿ ಹೇಳು, ನಾನು ಹುಡುಗಿ ಅಪ್ಪ!” ಎಂದರು ಯಜಮಾನರು.

“ಗಂಡೂ ಇಲ್ಲ, ಗಿಂಡೂ ಇಲ್ಲ. ನಂಗೆ ಮೂಲವ್ಯಾಧಿ!” ಎಂದುಬಿಟ್ಟೆ.

ಜಯಮ್ಮ ಮೆಲ್ಲಗೆ ಹತ್ತಿರ ಬಂದಳು.

“ಹೋದ ವರ್ಷ ನಾನು ತಿರುಪ್ತಿಗೆ ಹೋಗಿದ್ನಲ್ಲಕ್ಕ? ಹೋಗಿದ್ದು ಆಸ್ಪತ್ರೆಗೆ. ಸ್ಟೇಪ್ಲರು. ವಾರಕ್ಕೆಲ್ಲ ಹಾಲು ಕರೆದೆ. ಈಗ ಮತ್ತೆ ಒಂಚೂರು ಬಂದಂಗದೆ.”

“ಮತ್ತೆ ನೀನು ಕೊಟ್ಟ ಪ್ರಸಾದದ ಲಾಡು?”

“ಬೇಕರೀದು ಕಣಕ್ಕ!”

ಅದನ್ನು ಕಣ್ಣಿಗೊತ್ತಿಕೊಂಡು ತಿಂದವಳು ನಾನು!

ಮರುದಿನ ಯಜಮಾನರೂ ಜೊತೆಗೆ ಬಂದರು. “ನಂಗ್ಯಾಕೆ ಹೇಳ್ಲಿಲ್ಲ?” ಎಂದು ಬಸ್ಸಿನಲ್ಲಿ ಒಂದೇ ಸಲ ಕೇಳಿದರು.

“ದೇವರು ಲೇಸರ್ ಅಂತ ಅಪ್ಪಣೆ ಕೊಟ್ಟವ್ನೆ” ಎಂದು ಡಾಕ್ಟರಮ್ಮನಿಗೆ ಖಡಾಖಂಡಿತವಾಗಿ ತಿಳಿಸಿದೆ.

“ದೇವರಿಗೆ ರಿಪೋರ್ಟ್ ತೋರಿಸಿದ್ರಾ?”

ರಿಪೋರ್ಟ್ ಹಾಗಿರಲಿ, ರೋಗವನ್ನೇ ಹೇಳಿರಲಿಲ್ಲ! ಗಂಡನಿಗೆ ಹೇಳದವಳು, ದೇವರಿಗೆ ಹೇಳದವಳು, ಅಪ್ಪಣೆಯನ್ನು ಮಾತ್ರ ಕೇಳಿದ್ದೆ. ತಪ್ಪು ಹೂವಿನದಲ್ಲ. ಕೊಯ್ಯಲು ಒಪ್ಪಿದೆ.

ಆಪರೇಷನ್ ಸಲೀಸಾಗಿ ಆಯಿತು. ಆಮೇಲಿನ ಬುದ್ಧಿವಂತಿಕೆ ಪೂರ್ತಿ ನನ್ನದು: ತಿಂದರೆ ತಾನೆ ಹೋಗಬೇಕಾದ್ದು ಎಂದು ಮೂರು ದಿನ ಗಂಜಿಯಲ್ಲೇ ಕಳೆದೆ. ನಾಲ್ಕನೆಯ ದಿನ ಕಕ್ಕಸಿನಲ್ಲಿ ಕೂತು ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ, ಗೊತ್ತಿಲ್ಲದವರನ್ನೂ ಕರೆದೆ. ಆಮೇಲೆ ಯಜಮಾನರೇ ಅಡುಗೆಮನೆ ಹೊಕ್ಕು ಸೊಪ್ಪಿನ ಸಾರು ಮಾಡಿದರು. ದಿನಕ್ಕೆ ಮೂರು ಸಲ ಟಬ್ಬಿಗೆ ಬಿಸಿನೀರು ಹದ ಮಾಡಿ ಹಾಕಿ, “ಕೂತ್ಕೋ” ಎಂದು ಆಚೆ ತಿರುಗಿ ನಿಂತರು. ಆ ನೀರಿನಲ್ಲಿ ಕೂತೇ ನಾನು ಭಗವಂತನ ಉಪಕಾರಗಳನ್ನು ನೆನೆದದ್ದು. ರಕ್ತ ನಿಂತಿತು. ಒಂದು ತಿಂಗಳಿಗೆ ನೆಲದ ಮೇಲೆ ಕೂತು ಉಂಡೆ.

ಈಗ ಬೆಳಗಾದರೆ ಡೇರಿಗೆ ಹಾಲು ಹಾಕಲು ಹೋಗುವ ಹೆಂಗಸರೆಲ್ಲ ನಮ್ಮ ಗೇಟಿನ ಮುಂದೆ ನಿಂತು ಕೇಳುತ್ತಾರೆ: “ಅಕ್ಕಾ, ಇವತ್ತು ಸಲೀಸಾಯ್ತಾ?”

ಎರಡು ವರ್ಷ ಮಾನ ಕಾಪಾಡಿಕೊಂಡ ಈ ಗೃಹಿಣಿ ರಂಗೋಲಿ ಬಿಡುತ್ತಲೇ ಕೂಗಿ ಹೇಳುತ್ತಾಳೆ: “ಆಯ್ತು ಕಣ್ರಮ್ಮಾ!”