ಅತ್ತೆಯ ಅಟ್ಟದಲ್ಲಿ ನನ್ನ ಕಾಲ್ಗುಣ

ನಮ್ಮತ್ತೆಯ ಎದುರು 'ಅದಕ್ಕೇ' ಎಂಬ ಮಾತಾಡಿ ನೆಮ್ಮದಿಯಿಂದ ಊಟ ಮುಗಿಸಿದವರನ್ನು ನಾನಿನ್ನೂ ನೋಡಿಲ್ಲ! ಬೇರೆಯವರ ಅತ್ತೆಯರು ಸೊಸೆಯ ಸಾರಿನಲ್ಲಿ ಉಪ್ಪು ಹುಡುಕುತ್ತಾರಂತೆ. ನಮ್ಮತ್ತೆ ಉಪ್ಪಿನ ತಂಟೆಗೇ ಬರುವವರಲ್ಲ. "ಬಿಸಿಲಲ್ಲಿ ತಿರುಗಿದೆ, ಅದಕ್ಕೇ ತಲೆನೋವು" ಎಂದು ಯಾರಾದರೂ ಹಣೆ ಹಿಡಿದು ಕೂತರೆ ಸಾಕು, ಸೌಟು ಕೆಳಗಿಟ್ಟು ಕೇಳುತ್ತಾರೆ: "ಅದ್ರಿಂದ್ಲೇ ಅಂತ ಹೆಂಗೆ ಹೇಳ್ತೀಯ?" ಬಂದವರಿಗೆ ಈಗ ಎರಡು ತಲೆನೋವು!

ಈ ಪ್ರಶ್ನೆಯ ಪೆಟ್ಟು ಹೆಚ್ಚು ತಿಂದವರು ನಮ್ಮ ಮಾವ. ಹಸಿರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ತಿಪಟೂರು ಮಾರುಕಟ್ಟೆಗೆ ಹೋದರೆ ಕೊಬ್ಬರಿ ರೇಟು ಏರುತ್ತದೆಂಬುದು ಅವರ ನಂಬಿಕೆ. ಒಂದು ದಿನ ಅತ್ತೆ ಬಾಗಿಲಲ್ಲೇ ತಡೆದರು.

"ರೇಟು ನಿಮ್ಮೊಬ್ರಿಗೇ ಏರ್ತದಾ, ಇಡೀ ಮಾರ್ಕೆಟ್ಟಿಗಾ?"

"ಇಡೀ ಮಾರ್ಕೆಟ್ಟಿಗೇ ಕಣೇ!"

"ಹಂಗಾದ್ರೆ ನಾನ್ಯಾಕೆ ಆ ಟವೆಲ್ ಒಗೀಲಿ? ಊರೋರೆಲ್ಲ ಸರದಿ ಮೇಲೆ ಒಗ್ದುಕೊಡ್ಲಿ ಬುಡಿ."

ಇನ್ನೊಮ್ಮೆ ಅಪ್ಪ ಮಗ ಇಬ್ಬರಿಗೂ ಒಟ್ಟಿಗೇ ನೆಗಡಿ ಹಿಡಿಯಿತು. ಅತ್ತೆ ನನ್ನ ಗಂಡನಿಗೆ ಮೆಣಸಿನ ಕಷಾಯ ಕೊಟ್ಟರು, ಮಾವನಿಗೆ ಕೊಡಲಿಲ್ಲ. "ನಂಗೆಲ್ಲಿ?" ಎಂದರು ಮಾವ, ಮೂಗೊರೆಸುತ್ತಾ. "ನೀವು ಕುಡೀಬ್ಯಾಡಿ, ಯಾರ ನೆಗಡಿ ಮೊದ್ಲು ಹೋಯ್ತದೆ ನೋಡ್ಬೇಕು" ಎಂದರು ಅತ್ತೆ. ಕಟ್ಟಿಕೊಂಡ ಗಂಡನ ಮೂಗಿನ ಮೇಲೆ ಪ್ರಯೋಗ ನಡೆಸುವ ಹೆಂಗಸನ್ನು ನೀವು ಕಂಡಿದ್ದೀರಾ? ಎರಡೂ ನೆಗಡಿ ಒಂದೇ ದಿನ ಬಿಟ್ಟವು. ಅಂದಿನಿಂದ ನನ್ನ ಗಂಡ ಕಷಾಯ ಕಂಡರೆ ಮುಖ ತಿರುಗಿಸುತ್ತಾರೆ.

ನಗುತ್ತಿದ್ದೇನೆ ನಿಜ. ಆದರೆ ನಾನು ಕಂದಿಕೆರೆಯಿಂದ ಶೆಟ್ಟಿಕೆರೆಯ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಉಳಿಸಿದ್ದು ಈ ಪ್ರಶ್ನೆಯೇ. ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಬಲಿತ ಕಾಯಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗುವವರೆಗೆ ತಿಂಗಳುಗಟ್ಟಲೆ ಕಾಯುವುದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಉಂಡೆ ಗಡಗಡ ಎನ್ನಬೇಕು. ನಾನು ಬಂದು ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ, ಅಟ್ಟದ ಕಾಯಿ ಇಳಿಸಿ ಒಡೆದರು. ಒಡೆದದ್ದೆಲ್ಲ ಕೌಟು! ಕಪ್ಪು ತಿರುಗಿ, ನಾತ ಹೊಡೆಯುವ ಕೊಬ್ಬರಿ.

ಮಾವನ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಒಂದು ಹೋಳು ಮೂಸಿ ನೋಡಿ ನನ್ನ ಪಾದಗಳ ಕಡೆ ಕಣ್ಣು ಹಾಯಿಸಿದರು. "ಕಾಲ್ಗುಣ ಕಣೇ. ಇವ್ಳು ಬಂದ್ಮೇಲೇ ತಾನೇ ಕೆಟ್ಟಿದ್ದು? ಇನ್ಮೇಲೆ ಅಟ್ಟದ ಏಣಿ ಮುಟ್ಟುಸ್ಬ್ಯಾಡ."

ತೆಂಗಿನ ಸೀಮೆಯಲ್ಲಿ ಏಣಿ ಮುಟ್ಟಬಾರದ ಸೊಸೆ ಎನ್ನಿಸಿಕೊಂಡರೆ ಆ ಹೆಸರು ಸಾಯುವವರೆಗೂ ಹೋಗದು. ನನ್ನ ತವರಿಗೆ ಸುದ್ದಿ ಮುಟ್ಟಲು ಒಂದು ಬಸ್ಸು ಸಾಕು. ನಾನು ಪಾದಗಳನ್ನು ಸೀರೆಯಡಿ ಮರೆಮಾಡಿಕೊಂಡೆ. ಆಗ ಅತ್ತೆ ಸೆರಗು ಸಿಕ್ಕಿಸಿ ಎದ್ದರು.

"ಇವ್ಳು ಬಂದ್ಮೇಲೆ ಒಡೆದಿದ್ದು ಅತ್ತಿಗೆ! ಕೆಟ್ಟಿದ್ದು ಯಾವಾಗ ಅಂತ ಯಾರು ನೋಡಿದ್ರು? ಈ ಕಾಯಿ ಅಟ್ಟ ಹತ್ತಿದಾಗ ಇವ್ಳಿನ್ನೂ ಕಂದಿಕೆರೇಲಿ ಅವ್ರವ್ವನ ಮನೇಲಿದ್ಳು. ಇವ್ಳ ಕಾಲು ಅಷ್ಟು ಉದ್ದವಾ?"

ದೊಡ್ಡತ್ತೆ ಒಪ್ಪಲಿಲ್ಲ. ಮಾರನೆಯ ದಿನವೇ ಅತ್ತೆ ನನ್ನ ಕೈ ಹಿಡಿದು ಊರು ಸುತ್ತಲು ಹೊರಟರು. ಹೋದ ಮನೆಯಲ್ಲೆಲ್ಲ ಎರಡೇ ಪ್ರಶ್ನೆ: ಈ ವರ್ಷ ಹೊಸ ಸೊಸೆ ಬಂದಳಾ? ಕೊಬ್ಬರಿ ಕೆಟ್ಟಿತಾ? ಅರಿಶಿನ ಕುಂಕುಮಕ್ಕೆ ಕರೆಯಲು ಬಂದಿದ್ದೇವೆಂದು ಕಾಫಿ ಕೊಟ್ಟವರೆಲ್ಲ ತಬ್ಬಿಬ್ಬು! ಒಂದು ಮನೆಯ ಯಜಮಾನರಂತೂ ನಿಟ್ಟುಸಿರು ಬಿಟ್ಟರು. "ಎಲ್ಲಿ ಸೊಸೆ ಬಂತು ಕಣವ್ವ, ಹುಡುಗನಿಗೆ ಹೆಣ್ಣೇ ಸಿಕ್ಕಿಲ್ಲ. ಅದ್ರ ಮೇಲೆ ಅರ್ಧ ಕಾಯಿ ಕೌಟು." ಅತ್ತೆಯ ಮುಖ ಅರಳಿತು. "ಭಾಳ ಸಂತೋಷ!" ಎಂದುಬಿಟ್ಟರು. ಪಾಪ, ಆ ಯಜಮಾನರು ಇವತ್ತಿಗೂ ನಮ್ಮನ್ನು ಕಂಡರೆ ದಾರಿ ಬದಲಿಸುತ್ತಾರೆ. ಆಚೆ ಬೀದಿಯ ಮನೆಗೆ ನನ್ನ ಹಾಗೆಯೇ ಹೊಸ ಸೊಸೆ ಬಂದಿದ್ದಳು. ಅವರ ಕೊಬ್ಬರಿ ಒಂದೂ ಕೆಟ್ಟಿರಲಿಲ್ಲ.

ಸುತ್ತುತ್ತಾ ಸುತ್ತುತ್ತಾ ನನಗೂ ಒಂದು ವಿಷಯ ಕಂಡಿತು. ಸೌದೆ ಒಲೆ ಬಿಟ್ಟು ಪೂರ್ತಿ ಗ್ಯಾಸಿಗೆ ಬಂದ ಮನೆಗಳಲ್ಲೇ ಕೌಟು ಜಾಸ್ತಿ. ನಮ್ಮ ಮನೆಯೂ ಹಾಗೆಯೇ, ಅಟ್ಟಕ್ಕೆ ಹೊಗೆಯೇ ಇಲ್ಲ. "ಅತ್ತೆ, ಹೊಗೆ ಇಲ್ಲ, ಅದಕ್ಕೇ!" ಎಂದು ಕುಣಿದೆ. ಅವರು ನಿಂತು ನನ್ನನ್ನೇ ನೋಡಿದರು. ಹೌದು, ಏನು ಕೇಳಿದರೆಂದು ನಿಮಗೆ ಗೊತ್ತೇ ಇದೆ!

ಹೊಸ ಕಾಯಿ ಬಂದಾಗ ಒಂದೇ ತೋಟದ ಕಾಯಿಯನ್ನು ಎರಡು ಪಾಲು ಮಾಡಿದರು. ಅಟ್ಟದ ಒಂದು ಬದಿಯ ಕೆಳಗೆ ದಿನಾ ಸೌದೆ ಉರಿಸಿ ಹೊಗೆ ಕೊಡುವುದು, ಇನ್ನೊಂದು ಬದಿಗೆ ಇಲ್ಲ. ಆಮೇಲೆ ದೊಡ್ಡತ್ತೆಯನ್ನು ಕರೆಸಿ, ಅವರ ಕಣ್ಣೆದುರೇ ನನಗೆ ಹೇಳಿದರು: "ಹತ್ತು ಕಣವ್ವ. ಎರಡೂ ಕಡೆ ನೀನೇ ಹಾಕ್ಬೇಕು. ಕಾಲ್ಗುಣವೇ ಆದ್ರೆ ಎರಡೂ ಕೆಡ್ಬೇಕಲ್ಲ!" ದೊಡ್ಡತ್ತೆ ನನ್ನ ಪಾದಗಳನ್ನೇ ನೋಡುತ್ತಿದ್ದರು. ಆದರೂ ಹತ್ತಿದೆ.

ವರ್ಷ ತುಂಬುವ ಹೊತ್ತಿಗೆ ಹೊಗೆ ತಿಂದ ಕಾಯಿಗಳು ಗಡಗಡ ಎಂದವು. ಹೊಗೆ ಇಲ್ಲದ ಕಡೆಯವುಗಳಲ್ಲಿ ಮತ್ತೆ ಕೌಟು. ಸಾಲದ್ದಕ್ಕೆ ಆಗಲೇ ತಿಪಟೂರಿನಲ್ಲಿ ರೇಟೂ ಏರಿತು. ದೊಡ್ಡತ್ತೆ ನನ್ನ ಗಲ್ಲ ಸವರಿ, "ಲಕ್ಷ್ಮಿ ಕಾಲ್ಗುಣ ಕಣೇ ಇವ್ಳದ್ದು!" ಎಂದರು. ನಾನು ಉಬ್ಬಿಹೋದೆ. ಅತ್ತೆ ಅಲ್ಲೇ ಸೂಜಿ ಚುಚ್ಚಿದರು: "ಅದೂ ಬ್ಯಾಡ. ಏರಿದ್ದು ನಿಂದು ಅಂತ ಇವತ್ತು ಒಪ್ಕಂಡ್ರೆ, ನಾಳೆ ಇಳಿದಾಗ ಅದೂ ನಿಂದೇ ಆಯ್ತದೆ."

ಆ ಸಂಜೆ ಅಟ್ಟ ಗುಡಿಸುತ್ತಾ ಕೇಳಿದೆ. "ಆವತ್ತು ನಾನು ನಿಮಗೆ ಹೊಸಬಳು. ನನಗೋಸ್ಕರ ಮನೆಮನೆ ತಿರುಗಿದ್ರಲ್ಲ ಅತ್ತೆ, ಯಾಕೆ?"

ಅವರು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಬಹಳ ಹೊತ್ತು ಅಲ್ಲಾಡಿಸಿದರು.

"ನಾನು ಈ ಮನೆಗೆ ಬಂದ ವರ್ಷ ಜೋಡೆತ್ತಲ್ಲಿ ಒಂದು ಸತ್ತೋಯ್ತು. ಬೇರೆ ಮನೇಲೂ ಎತ್ತು ಸತ್ತವಾ ಅಂತ ಯಾರೂ ಹೋಗಿ ಕೇಳ್ಲಿಲ್ಲ ಕಣವ್ವ. ಕೊಟ್ಟಿಗೆ ಹೊಸಲು ತುಳಿಯಕ್ಕೆ ನಂಗೆ ಎಷ್ಟೋ ವರ್ಷ ಬಿಡ್ಲಿಲ್ಲ."

ನಾನು ಪೊರಕೆ ಕೆಳಗಿಟ್ಟೆ. "ಅದಕ್ಕೇನಾ ಅತ್ತೆ, ನೀವು ಹಿಂಗಾಗಿದ್ದು?"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಕ್ಕರು.

"ಅದ್ರಿಂದ್ಲೇ ಅಂತ ಹೆಂಗೆ ಹೇಳ್ತೀಯ?" ಎಂದು, ಕೈಯಲ್ಲಿದ್ದ ಕಾಯಿಯನ್ನು ನನ್ನ ಕಿವಿಗೆ ಹಿಡಿದರು.