ರೇಷನ್ ಕಾರ್ಡಿನ ಅಪ್ಪ, ಹಪ್ಪಳದ ಅವ್ವ

ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಮನಿ ಹೊರಗ ಕಾಲಿಟ್ರ ಸಾಕು, ಒಂದಿಲ್ಲೊಂದು ಫಜೀತಿ ದಾರ್ಯಾಗ ನನ್ನ ಕಾಯ್ಕೊಂಡ ಕುಂತಿರತೈತಿ. ಗೋಕಾಕದಾಗ ನಂದೊಂದು ಸಣ್ಣ ಸ್ಟುಡಿಯೋ ಐತಿ. ವಾರದಾಗ ಆರು ದಿನ "ಗದ್ದ ಮ್ಯಾಲ ಮಾಡ್ರಿ, ಕಣ್ಣ ಮುಚ್ಚಬ್ಯಾಡ್ರಿ" ಅನ್ನೂದು. ಐತವಾರ ಬಂತಂದ್ರ ಗಾಡಿ ಹತ್ತಿ ಊರೂರು ತಿರಗೂದು, ಮಂದಿಗೆ ಗೊತ್ತಾಗದಂಗ ಅವರ ಖರೆ ಮಾರಿ ಹಿಡಿಯೂದು. ಇದಕ್ಕ ಕ್ಯಾಂಡಿಡ್ ಫೋಟೋ ಅಂತಾರ. ನನ್ನ ಹೇಣ್ತಿ ಮಾತ್ರ "ಮನಿ ಕೆಲಸ ತಪ್ಪಸೂ ಉಪಾಯ" ಅಂತಾಳ.

೧. ಗೋಡಿ ಮ್ಯಾಲಿನ ಅಪ್ಪ

ಮೇಲವಂಕಿಯ ನಮ್ಮ ಮನ್ಯಾಗ ಅಪ್ಪಂದೊಂದು ಫೋಟೋ ಐತಿ. ರೇಷನ್ ಕಾರ್ಡಿನ್ಯಾಗಿಂದು ದೊಡ್ಡದು ಮಾಡಿದ್ದು. ಊರ ಮಂದಿದೆಲ್ಲಾ ಫೋಟೋ ತೆಗದಾಂವ ನಾನು, ಅಪ್ಪಂದು ಮಾತ್ರ "ನಾಳೆ ತೆಗದ್ರಾತು" ಅಂದ್ನಿ. ಅಪ್ಪ ಹೋಗೇಬಿಟ್ಟ.

ಒಂದ ಮುಂಜಾನಿ ಅವ್ವ ಆ ಫೋಟೋದ ಮುಂದ ನಿಂತು ನನ್ನ ಕರದ್ಲು. "ನೋಡಿಲ್ಲೆ ನಿಮ್ಮಪ್ಪನ್ನ. ತಾಸಗಟ್ಲೆ ಪಾಳೇಕ ನಿಂತಮ್ಯಾಲ ಸೀಮಿಎಣ್ಣಿ ಮುಗದೈತಿ ಅಂತ ಹೇಳಿಸ್ಕೊಂಡಾರಂಗ ಅದಾನ. ನಾ ಹೋದಮ್ಯಾಲ ನನ್ನ ಆಧಾರ್ ಕಾರ್ಡ್ ದೊಡ್ಡದು ಮಾಡಿ ಹಾಕಾಂವ ನೀನು, ಹೌದಿಲ್ಲೊ? ಜೀವ ಇರೂದ್ರಾಗ ನಂದೊಂದು ಚಲೋ ಫೋಟೋ ತೆಗದಿಡು."

"ಈಗ ತೆಗಿತೇನ ಬಾ ಅವ್ವಾ" ಅಂದು ಕ್ಯಾಮೆರಾ ತಂದ್ನಿ. ಅವ್ವ ತೊಡಿ ಮ್ಯಾಲ ಎರಡೂ ಕೈ ಇಟ್ಟು, ಉಸರು ಬಿಗಿಹಿಡದು ಕುಂತ್ಲು.

"ನಗ ಅವ್ವಾ."

"ನಗಾಕತ್ತೇನಲಾ."

ಇಪ್ಪತ್ತು ಫೋಟೋ ತೆಗದ್ನಿ. ಇಪ್ಪತ್ತರಾಗೂ ಅವ್ವ, ಅಪ್ಪನ ಹಿಂದ ಅದ ಪಾಳೇದಾಗ ನಿಂತಿದ್ಲು.

೨. ಎಷ್ಟ ಫೂಟು?

ಅವ್ವಂದು ಗೊತ್ತಾಗದಂಗನ ತೆಗಿಬೇಕು, ಅದಕ್ಕ ಮೊದಲ ಬ್ಯಾರೇವ್ರ ಮ್ಯಾಲ ಕೈ ಪಳಗಿಸ್ಕೊಬೇಕು ಅಂತ ಠರಾವು ಮಾಡಿ ಐತವಾರ ಕಣಗಲಾಕ ಹೋದ್ನಿ. ಹೈವೇ ಬಾಜೂ ಒಂದು ಚಾದ ಅಂಗಡಿ. ಚಾದವ ಗಿರಾಕಿ ಜೋಡಿ ಹೊಟ್ಟಿ ಹಿಡ್ಕೊಂಡು ನಗಾಕತ್ತಿದ್ದ. ನಾ ಬೇವಿನ ಗಿಡದ ಮರಿಗೆ ನಿಂತು, ಉದ್ದನ್ನ ಲೆನ್ಸ್ ಹಾಕಿ, ಒಂದು ಕಣ್ಣು ಮುಚ್ಚಿದ್ನಿ.

ಚಾದವನ ನಗು ಪಟ್ನ ಬಂದ್ ಆತು. ಚಾ ಸೋಸೂದು ಬಿಟ್ಟು ಓಡಿ ಬಂದ. ಅವನ ಹಿಂದ ಅವನ ಹೇಣ್ತಿ, ಪಂಕ್ಚರ್ ಅಂಗಡಿ ಕಾಕಾ, ಬಾಜೂ ಮನಿಯವರು, ಎಲ್ಲಾರೂ ಬಂದು ನನ್ನ ಸುತ್ತ ನಿಂತ್ರು.

"ಸಾಹೇಬ್ರ, ಈ ಸಲ ನಮ್ಮ ಜಾಗಾ ಎಷ್ಟ ಫೂಟು ಹೊಕ್ಕೈತ್ರಿ?"

ರಸ್ತೆ ಅಗಲ ಮಾಡಾಕ ಅಳತಿ ತೊಗೊಳ್ಳಾಕ ಬಂದಾಂವ ಅಂತ ತಿಳ್ಕೊಂಡಿದ್ರು ನನ್ನ. "ನಾ ಸಾಹೇಬ ಅಲ್ರಿ! ಸುಮ್ನ ನಿಮ್ಮ ನಗು ತೆಗಿಯಾಕ ಬಂದೇನಿ" ಅಂತ ಆಣಿ ಮಾಡಿ ಹೇಳಿದ್ನಿ. ಯಾರೂ ನಂಬಲಿಲ್ಲ. ಪುಗಸಟ್ಟೆ ಚಾ ಕುಡಿಸಿದ್ರು, ಮ್ಯಾಲ ಎರಡು ಬಿಸ್ಕೀಟ್ ಬ್ಯಾರೆ.

ಕಡೀಕ ಚಾದವಗ ಕೈ ಮುಗದು, "ಕಾಕಾ, ಒಮ್ಮೆರ ನಗ್ರಿ, ತೆಕ್ಕೊಂಡು ಹೊಕ್ಕೇನಿ" ಅಂದ್ನಿ.

ಚಾದವ ಅಂದ, "ನಗೂದೇನ ನಗ್ತೇನ್ರಿ. ಮೊದಲ ಎಷ್ಟ ಫೂಟು ಹೇಳ್ರಿ."

೩. ನಾ ಇಲ್ಲಂತ ತಿಳ್ಕೊರಿ

ಮುಂದಿನ ಐತವಾರ ಮೂಡಲಗಿ ಕಡೆ ತುಕ್ಕಾನಟ್ಟಿಗೆ. ಕಬ್ಬು ಕಡದ ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಿಸಿದ್ರು. ಕಂಬಳಿ ಹೊತ್ತ ಒಬ್ಬ ಕುರುಬ ಕಾಕಾ ಒಂದು ಮರಿ ಎತ್ಕೊಂಡು ಅದರ ಜೋಡಿ ಮಾತಾಡಾಕತ್ತಿದ್ದ. ಆಹಾ, ಇಂಥಾದ್ದು ಸಿಗಬೇಕು ನೋಡ್ರಿ! ಕಣಗಲಾದ ಪಾಠ ಕಲ್ತಿದ್ನಲ್ಲಾ, ಈ ಸಲ ಅಡಗಲಿಲ್ಲ. ಸೀದಾ ಹೋಗಿ ಹೇಳಿದ್ನಿ, "ಕಾಕಾ, ನಾ ಇಲ್ಲೆ ಇಲ್ಲಂತ ತಿಳ್ಕೊರಿ. ನಾ ಏನ ಮಾಡ್ಲಿ, ಏನರ ಅನ್ಲಿ, ನನ್ನ ಕಡೆ ಹೊಳ್ಳಿ ನೋಡಬ್ಯಾಡ್ರಿ."

"ಆತ್ರಿ" ಅಂದ ಕಾಕಾ.

ನಾ ಮೊಣಕಾಲ ಊರಿ, ಬೆನ್ನು ಬಗ್ಗಿಸಿ ಫೋಟೋ ತೆಗಿಯಾಕ ಕುಂತ್ನಿ. ಹಿಂದ ಒಂದು ಟಗರು ಇದ್ದದ್ದು ನನಗ ಗೊತ್ತಿಲ್ಲ. ಬಗ್ಗಿದ ಬೆನ್ನು ಕಂಡ್ರ ಟಗರು ಬಿಡತೈತೇನ್ರಿ? ದಡ್ ಅಂತ ಒಂದು ಕೊಡ್ತು. ಕ್ಯಾಮೆರಾ ಎದಿಗಪ್ಪಿ ನಾ ಕಬ್ಬಿನ ಒಣ ಎಲಿ ರವದ್ಯಾಗ ಮಾರಿ ಅಡಿ ಮಾಡಿ ಬಿದ್ನಿ. ಏಳೂದ್ರಾಗ ಇನ್ನೊಂದು.

"ಕಾಕಾ! ಯಪ್ಪಾ, ಹಿಡೀರಿ ಇದನ್ನ!"

ಕಾಕಾ ಮರಿ ಜೋಡಿ ಮಾತಾಡಕೋತ ನಿಂತಿದ್ದ, ಹೊಳ್ಳಿ ನೋಡಲಿಲ್ಲ. ಮೂರನೇದ್ದು ಬಿದ್ದಮ್ಯಾಲ ನಾನ ಓಡಿ ಹೋಗಿ ಅವನ ಕಂಬಳಿ ಹಿಡ್ಕೊಂಡ್ನಿ. "ಕೂಗಿದ್ದು ಕೇಳಲಿಲ್ಲೇನ್ರಿ?"

"ಕೇಳ್ತ್ರಿ. ಆದ್ರ ನೀವು ಇಲ್ಲೆ ಇರಲಿಲ್ಲಲ್ರಿ."

ಆಮ್ಯಾಲ ಸೊಂಟಾ ತಿಕ್ಕೊಂತ ಅವ್ವನ ಫೋಟೋದ ಕಥಿ ಹೇಳಿದ್ನಿ. ಕಾಕಾ ಪೂರ್ತಿ ಕೇಳಿ ಹೇಳಿದ, "ಕುರಿ ಹಿಡಿಬೇಕಂದ್ರ ಅದರ ಮಾರಿ ನೋಡಬಾರದ್ರಿ. ಬ್ಯಾರೆ ಏನೋ ಕೆಲಸ ಐತಿ ಅನ್ನುವಂಗ ಬಾಜೂ ಹಾದು ಹೋಗಿ ಹಿಡಿಬೇಕು. ನಿಮ್ಮ ಅವ್ವಗೂ ಹಂಗ ಮಾಡ್ರಿ."

ಅವ್ವನ್ನ ಕುರಿಗೆ ಹೋಲಿಸಿದ್ದು ಅವ್ವಗ ಇನ್ನೂ ಹೇಳಿಲ್ಲ.

೪. ಹಪ್ಪಳ

ಮರುದಿನ ಅವ್ವ ಅಂಗಳದಾಗ ಹಳೆ ಸೀರಿ ಹಾಸಿ ಹಪ್ಪಳ ಒಣ ಹಾಕಾಕತ್ತಿದ್ಲು. ಕಾಕಾ ಹೇಳಿದಂಗ ನಾ ಎಮ್ಮಿಗೆ ಮೇವು ಹಾಕಾಂವನಂಗ ಅತ್ತಾಗ ನೋಡ್ಕೊಂತ, ಹಿಂದ ಹಿಂದ ಸರಕೋತ ಹೊಂಟ್ನಿ. ಅವ್ವನ ಬಾಜೂ ಹೋದಮ್ಯಾಲ ಹೊಳ್ಳಿ ತೆಗದ್ರಾತು ಅಂತ. ಕಾಲ ಕೆಳಗ ಒಣಗಿದ ಹಪ್ಪಳ ಪಟಪಟ ಅಂದ್ವು.

"ಏ ಹುಚ್ಚಪ್ಯಾಲಿ! ಕಣ್ಣೇನ ಸ್ಟುಡಿಯೋದಾಗ ಬಿಟ್ಟ ಬಂದಿಯೇನೊ!"

ಹೆದರಿ ಹೊಳ್ಳಿದ್ನಿ. ಬೆರಳು ಅದರಷ್ಟಕ್ಕ ಅದ ಬಟನ್ ಒತ್ತೇಬಿಟ್ತು.

ಫೋಟೋದಾಗ ಅವ್ವ ಸೊಂಟಕ್ಕ ಸೆರಗು ಬಿಗದು, ಒಂದು ಕೈ ಮ್ಯಾಲ ಎತ್ತಿ, ಕಣ್ಣ ಅರಳಿಸಿ ಸೀದಾ ನನ್ನ ನೋಡಾಕತ್ತಿದ್ಲು. ಬೈಗುಳ ಕೇಳಿಸತೈತೇನೋ ಅನ್ನುವಂಗ ಬಂದಿತ್ತು.

ಹೇಣ್ತಿ ಅಂದ್ಲು, "ಇದನ್ನ ಯಾರರ ಚೌಕಟ್ಟು ಹಾಕಸ್ತಾರೇನ್ರಿ? ಬಂದ ಬೀಗರು ಬಾಗಲಾಗಿಂದನ ಹೊಳ್ಳಿ ಹೊಕ್ಕಾರ."

ಅವ್ವ ಚಷ್ಮಾ ಹಾಕ್ಕೊಂಡು ಭಾಳೊತ್ತು ನೋಡಿದ್ಲು. "ಇದ ಇರ್ಲಿ. ಇದು ಖರೆ ನಾನ ಅದೇನಿ. ನಾ ಹೋದಮ್ಯಾಲ ಇಂವಗ ಬೈಯಾಕ ಮನ್ಯಾಗ ಒಬ್ರು ಬೇಕಲಾ."

ನನಗ ಅಳು ಬಂತು. ಹೊರಗ ಹೋಗಿ ಎಮ್ಮಿಗೆ ಖರೇನ ಮೇವು ಹಾಕಿ ಬಂದ್ನಿ.

"ಇದ್ದವರ ಫೋಟೋ ಗೋಡಿಗೆ ಹಾಕಬಾರದು" ಅಂತ ಚೌಕಟ್ಟು ಹಾಕಿಸಿದ ಫೋಟೋನ ಅವ್ವ ಟ್ರಂಕಿನ್ಯಾಗ ಇಟ್ಲು. ಎಂಟು ದಿನ ಆಗಿರಲಿಲ್ಲ, ಹುಕ್ಕೇರ್ಯಾಗಿನ ತನ್ನ ತಂಗಿ ಮನಿಗೆ ಎರಡು ದಿನ ಹೊಂಟ್ಲು. ಹೋಗೂ ಮುಂದ ಫೋಟೋ ಹೊರಗ ತೆಗದು ಅಡಗಿಮನಿ ಫಳಿ ಮ್ಯಾಲ, ಸಕ್ಕರಿ ಡಬ್ಬಿ ಬಾಜೂ ನಿಲ್ಲಿಸಿದ್ಲು. "ನಾ ಬರೂತನಾ ಇದು ನೋಡ್ಕೊತೈತಿ." ನನಗ ಶುಗರ್ ಐತಿ. ಡಾಕ್ಟರಗಿಂತಾ ಹೆಚ್ಚಿಗೆ ಅವ್ವ ಕಾಯ್ತಾಳ.

ಅವ್ವನ ಬಸ್ಸು ಹೋದದ್ದ ತಡ, ಚಾ ಮಾಡಿಸಿ ಡಬ್ಬಿ ತೆರದು ಚಮಚಾ ತುಂಬಿದ್ನಿ. ಮ್ಯಾಲ ನೋಡಿದ್ರ ಅವ್ವ ಕೈ ಎತ್ಯಾಳ. ಚಮಚಾ ಡಬ್ಬ್ಯಾಗ ಹೊಳ್ಳಿ ಬಿತ್ತು.

"ಅಯ್ಯ, ಫೋಟೋಕ ಅಂಜ್ತಾರೇನ್ರಿ?" ಅಂತ ಹೇಣ್ತಿ ನಕ್ಕೋತ ಚೌಕಟ್ಟನ್ನ ಗೋಡಿ ಕಡೆ ತಿರಿವಿ ಇಟ್ಲು. ನಾ ಧೈರ್ಯ ತೊಗೊಂಡು ಎರಡು ಚಮಚಾ ಹಾಕಿ ತಿರಿವಾಕತ್ತಿದ್ನಿ, ಫೋನು ಬಡಕೊಂತು. ಅವ್ವಂದು.

"ಬಸ್ಸಿನ್ಯಾಗ ಅದೇನಿ. ಒಂದ ಹೇಳೂದು ಮರತಿದ್ನಿ, ನಿನ್ನ ಹೇಣ್ತಿಗೆ ಹೇಳು. ಗೋಡಿ ಕಡೆ ನನ್ನ ಮಾರಿ ತಿರಿವ್ಯಾಳಲ್ಲಾ, ಅದನ್ನ ಹೊಳ್ಳಿಸಿ ಇಡಾಕ ಹೇಳು. ನೀ ಆ ಚಾ ಎಮ್ಮಿಗೆ ಹಾಕು."